ಮೊದಲ ತಿಂಗಳು ಎಷ್ಟು ಕೊಡ್ತಾರೆ ಸರ್?

ಕಳೆದ ವರ್ಷ ನವುಲೆಯಲ್ಲಿ ಒಂದು ಭಾಷಣ ಮಾಡಿ ಬಂದೆ. ಚೆನ್ನಾಗಿ ಮಾತಾಡಿದಿರಿ ಅಂತ ಎಲ್ಲರೂ ಹೇಳಿದರು. ವಾಪಸ್ ಬರುವಾಗ ರಾತ್ರಿ ರೈಲಿನ ಅಪ್ಪರ್ ಬರ್ತಿನಲ್ಲಿ ನಿದ್ದೆ ಮಾತ್ರ ಬರಲಿಲ್ಲ. ಆವತ್ತು ಒಬ್ಬಳು ಹುಡುಗಿ ನನಗೊಂದು ಪ್ರಶ್ನೆ ಕೇಳಿದ್ದಳು. ನಾನು ಏನೋ ಹೇಳಿದೆ, ಚಪ್ಪಾಳೆಯೂ ಬಿತ್ತು. ಆದರೆ ನಾನು ಹೇಳಿದ್ದು ಅವಳ ಪ್ರಶ್ನೆಗೆ ಉತ್ತರವೇ ಆಗಿರಲಿಲ್ಲ ಅಂತ ರೈಲು ಭದ್ರಾವತಿ ದಾಟುವ ಹೊತ್ತಿಗೇ ಗೊತ್ತಾಗಿಬಿಟ್ಟಿತ್ತು.

ಶಿವಮೊಗ್ಗ ಅಷ್ಟಾಗಿ ಗೊತ್ತಿಲ್ಲದವರಿಗೆ ಒಂದು ಮಾತು. ನವುಲೆ ಸವಳಂಗ ರಸ್ತೆಯಲ್ಲಿದೆ. ಒಂದು ಕಾಲಕ್ಕೆ ಊರಾಚೆಯ ಹಳ್ಳಿ. ಈಗ ಇಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು, ಕ್ರಿಕೆಟ್ ಸ್ಟೇಡಿಯಂ, ಸಾಲು ಸಾಲು ಪಿಜಿಗಳು ಎಲ್ಲ ಸೇರಿ ಶಿವಮೊಗ್ಗ ನಗರದೊಳಗೇ ಬಂದುಬಿಟ್ಟಿದೆ. ಅಲ್ಲಿನ ಒಂದು ಬಾಡಿಗೆ ಸಭಾಂಗಣದಲ್ಲಿ ಸಿನಿಮಾ, ಪತ್ರಿಕೋದ್ಯಮ ಓದುವ ಮಕ್ಕಳಿಗೆ ‘ಮಾಧ್ಯಮ ರಂಗದಲ್ಲಿ ಅವಕಾಶಗಳು’ ಅಂತ ಒಂದು ದಿನದ ಕಾರ್ಯಕ್ರಮ. ಬೇರೆ ಬೇರೆ ಕಡೆಯಿಂದ ಸುಮಾರು ಇನ್ನೂರು ಜನ ಬಂದಿದ್ದರು. ನನ್ನ ಹಳೇ ಕ್ಲಾಸ್‌ಮೇಟ್ ಒಬ್ಬ ಈಗ ಲೆಕ್ಚರರ್. ‘ಮಾರಾಯ, ನಮ್ಮ ಜಿಲ್ಲೆಯವನೇ ಆಗಿ ಬೆಂಗಳೂರಲ್ಲಿ ಎಡಿಟರ್ ಆಗಿದ್ದೀಯ, ಒಂದು ಗಂಟೆ ಬಂದು ಹೋಗು’ ಅಂದ. ಹೋದೆ. ಯಾರು ಏರ್ಪಡಿಸಿದ್ದು, ಯಾವ ಕಾಲೇಜು ಅನ್ನೋದು ಇಲ್ಲಿ ಬೇಡ. ಬೆಂಗಳೂರು, ಮೈಸೂರು, ಮಂಗಳೂರಲ್ಲಿ ನಾನು ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಅತಿಥಿಯಾಗಿ ಕೂತ ಇಂಥ ಕಾರ್ಯಕ್ರಮಗಳೆಲ್ಲ ಹೆಚ್ಚುಕಮ್ಮಿ ಹೀಗೇ ಇದ್ದವು.

ಸಿನಿಮಾ ವಿಮರ್ಶೆ ಮಾಡೋ ಹಾಗೆ ಈ ಕಾರ್ಯಕ್ರಮಗಳನ್ನೂ ವಿಮರ್ಶೆ ಮಾಡಬೇಕು ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ. ಯಾಕಂದ್ರೆ ಇವಕ್ಕೂ ಒಂದು ಚಿತ್ರಕಥೆ ಇದೆ. ಹತ್ತು ಗಂಟೆ ಅಂದದ್ದು ಹನ್ನೊಂದಕ್ಕೆ ಶುರು. ಪ್ರಾರ್ಥನೆ, ದೀಪ, ಸ್ವಾಗತ. ಆಮೇಲೆ ಅತಿಥಿ ಪರಿಚಯ. ಲಿಂಕ್ಡ್‌ಇನ್‌ನಲ್ಲಿ ನಾನೇ ಬರೆದುಕೊಂಡಿದ್ದನ್ನ ಯಾರೋ ಗಟ್ಟಿಯಾಗಿ ಓದುವಾಗ ನಾನು ತಲೆ ತಗ್ಗಿಸಿ ವಿನಯದಿಂದ ಕೂತಿರಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಇಷ್ಟೆಲ್ಲ ಆಗುವಾಗ ಮುಕ್ಕಾಲು ಗಂಟೆ ಹೋಗಿರುತ್ತೆ. ಭಾಷಣ ನಲವತ್ತು ನಿಮಿಷ. ಕೊನೆಗೆ, ಊಟಕ್ಕೆ ತಡವಾಗ್ತಿದೆ ಅಂತ ಹಿಂದಿನ ಬೆಂಚಿನವರೆಲ್ಲ ಬ್ಯಾಗ್ ಎತ್ತಿಕೊಳ್ಳುವಾಗ, ‘ಸಮಯದ ಅಭಾವದಿಂದ ಎರಡೇ ಪ್ರಶ್ನೆ’.

ಭಾಷಣಕ್ಕೂ ಒಂದು ಅಚ್ಚು ಇದೆ. ಕಷ್ಟ, ತಿರುವು, ಗೆಲುವು. ನಾನೂ ಅದೇ ಅಚ್ಚಿಗೆ ಹುಯ್ದೆ. ಮೊದಲ ಸ್ಲೈಡಲ್ಲಿ ಸಾಗರದ ಹತ್ತಿರದ ನಮ್ಮೂರಿನ ಮನೆ. ಎರಡನೇದರಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ‘ಹನ್ನೊಂದು ವರ್ಷದ ಹಿಂದೆ ಜೇಬಲ್ಲಿ ಮೂರು ಸಾವಿರ ರೂಪಾಯಿ, ಹೆಗಲಿಗೆ ಒಂದು ಬ್ಯಾಗ್ ಇಟ್ಟುಕೊಂಡು ಇಲ್ಲಿ ಇಳಿದೆ’ ಅಂದೆ. ಮೂರನೇದು ನಾನು ಕೆಲಸ ಮಾಡಿದ ವೆಬ್ ಸೀರೀಸಿನ ಪೋಸ್ಟರ್. ಸಭೆ ಹುರುಪಾಯಿತು.

ಮೂರು ಸಾವಿರದ ಮಾತು ಸುಳ್ಳಲ್ಲ. ಆದರೆ ನಾನು ಎಡಿಟರ್, ಕತ್ತರಿಸೋದೇ ನನ್ನ ಕಸುಬು. ಆ ಕತೆಯಿಂದ ಕತ್ತರಿಸಿ ಎಸೆದಿದ್ದು ಏನು ಅಂತ ಹೇಳ್ತೀನಿ ಕೇಳಿ. ಮೆಜೆಸ್ಟಿಕ್‌ನಲ್ಲಿ ಇಳಿದವನು ಸೀದಾ ರಾಜಾಜಿನಗರದ ಮಾವನ ಮನೆಗೆ ಹೋದೆ. ಹದಿನಾಲ್ಕು ತಿಂಗಳು ಅಲ್ಲೇ ಇದ್ದೆ. ಬಾಡಿಗೆ ಇಲ್ಲ, ಊಟಕ್ಕೆ ದುಡ್ಡಿಲ್ಲ, ಅತ್ತೆ ಡಬ್ಬಿ ಕಟ್ಟಿ ಕೊಡೋರು. ಮೊದಲ ಆರು ತಿಂಗಳು ಒಂದು ಸ್ಟುಡಿಯೋದಲ್ಲಿ ಒಂದು ರೂಪಾಯಿ ಸಂಬಳ ಇಲ್ಲದೆ ಫೂಟೇಜ್ ಕಾಪಿ ಮಾಡುವ ಕೆಲಸ ಮಾಡಿದೆ. ಬಸ್ ಪಾಸಿಗೆ, ಫೋನ್ ರೀಚಾರ್ಜಿಗೆ ಅಪ್ಪ ಕಳಿಸುತ್ತಿದ್ದರು. ಅಪ್ಪ ಬ್ಯಾಂಕ್ ಕ್ಲರ್ಕ್, ತಿಂಗಳಾದರೆ ಸಂಬಳ ಬರುವ ಮನೆ ನಮ್ಮದು. ಅಂದ್ರೆ ನನ್ನ ‘ಹೋರಾಟ’ಕ್ಕೆ ಮಾವನ ಮನೆ ಮತ್ತು ಅಪ್ಪನ ಸಂಬಳ ಇಬ್ಬರು ನಿರ್ಮಾಪಕರಿದ್ದರು. ಸ್ಲೈಡಲ್ಲಿ ಅವರ ಹೆಸರು ಇರಲಿಲ್ಲ.

ಈಗ ಆ ಪ್ರಶ್ನೆ. ಮಧ್ಯದ ಸಾಲಿನಿಂದ ಒಬ್ಬಳು ಎದ್ದು ನಿಂತು, ಮೈಕ್ ಬರೋವರೆಗೂ ಕಾಯದೆ ಕೇಳಿದಳು: ‘ಸರ್, ಮೊದಲ ತಿಂಗಳು ಎಷ್ಟು ಕೊಡ್ತಾರೆ?’

ಸಭೆ ಗೊಳ್ ಅಂತ ನಕ್ಕಿತು. ನಿರೂಪಣೆ ಮಾಡುತ್ತಿದ್ದವರು ಮೈಕ್ ಹಿಡಿದು, ‘ಒಳ್ಳೆ ಪ್ರಶ್ನೆ, ಆದರೆ ಕಲೆಗೆ ಬರೋರು ಮೊದಲೇ ದುಡ್ಡಿನ ಲೆಕ್ಕ ಹಾಕಬಾರದು’ ಅಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು, ಹೇಳಲು ನಾಚಿಕೆ ಆಗುತ್ತೆ, ‘ಪ್ಯಾಷನ್ ಇದ್ದರೆ ದುಡ್ಡು ತಾನಾಗೇ ಹಿಂದೆ ಬರುತ್ತೆ’ ಅಂದೆ. ಚಪ್ಪಾಳೆ. ಅವಳು ‘ಸರಿ ಸರ್’ ಅಂತ ಕೂತಳು.

ಊಟದ ಹೊತ್ತಿಗೆ ಲೆಕ್ಚರರ್ ಗೆಳೆಯ ಹೇಳಿದ. ಅವಳು ಭದ್ರಾವತಿಯ ಪೇಪರ್‌ಟೌನ್ ಕಡೆಯವಳು. ಅಪ್ಪ ಎಂಪಿಎಂನಲ್ಲಿದ್ದರು. ಮೈಸೂರು ಕಾಗದ ಕಾರ್ಖಾನೆ, 1930ರ ದಶಕದಲ್ಲಿ ಶುರುವಾಗಿದ್ದು. ನಮ್ಮ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟ್ ಅಲ್ಲಿ ತಯಾರಾಗುತ್ತಿತ್ತು. ಹತ್ತಿರ ಹತ್ತಿರ ಹತ್ತು ವರ್ಷದಿಂದ ಅಲ್ಲಿ ಉತ್ಪಾದನೆ ಇಲ್ಲ. ಪತ್ರಿಕೆಯ ಕಾಗದ ಮಾಡಿ ಬದುಕಿದ ಮನೆಯ ಹುಡುಗಿ ಈಗ ಮಾಧ್ಯಮ ಓದುತ್ತಿದ್ದಾಳೆ. ಕೋರ್ಸ್ ಮುಗಿದ ಮೇಲೆ ಊರಲ್ಲೇ ಒಂದು ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ ಸಿಗೋ ಹಾಗಿದೆ, ಅದಕ್ಕೆ ಹೂಂ ಅನ್ನಬೇಕೋ ಬೆಂಗಳೂರಿಗೆ ಹೋಗಬೇಕೋ ಅಂತ ಮನೆಯಲ್ಲಿ ದಿನಾ ಮಾತು ನಡೀತಿದೆಯಂತೆ. ಆ ಮಾತಿಗೆ ಅವಳಿಗೆ ಒಂದು ಅಂಕಿ ಬೇಕಿತ್ತು. ಬಸ್ ಚಾರ್ಜ್ ಕೊಟ್ಟು ಅದಕ್ಕೇ ಬಂದಿದ್ದಳು. ಇನ್ನೂರು ಜನ ನಕ್ಕು, ಒಂದು ಪ್ಯಾಷನ್ ಕೊಟ್ಟು ಕಳಿಸಿದೆವು.

ಯಾಕೆ ಹೀಗಾಗುತ್ತೆ? ಯಾರೂ ಕೆಟ್ಟವರಲ್ಲ. ಕಾಲೇಜುಗಳಿಗೆ ನ್ಯಾಕ್‌ನವರು ಬಂದಾಗ ತೋರಿಸಲು ವರದಿ ಬೇಕು, ಜಿಯೋಟ್ಯಾಗ್ ಫೋಟೋ ಬೇಕು, ಸಹಿ ಮಾಡಿದ ಹಾಜರಿ ಪಟ್ಟಿ ಬೇಕು. ಮಕ್ಕಳಿಗೆ ಅಟೆಂಡೆನ್ಸ್ ಮತ್ತು ಸರ್ಟಿಫಿಕೇಟ್ ಬೇಕು. ನನ್ನಂಥ ಅತಿಥಿ ಸಂಭಾವನೆ ಕೇಳದೆ ಬರ್ತಾನೆ, ಅವನಿಗೆ ಊರಲ್ಲಿ ಸ್ವಲ್ಪ ಗೌರವ ಬೇಕು. ಎಲ್ಲರಿಗೂ ಬೇಕಾಗಿದ್ದು ಸಿಗುತ್ತೆ, ಹಾಗಾಗಿ ಕಾರ್ಯಕ್ರಮ ಯಶಸ್ವಿ. ನಿಜವಾದ ಪ್ರಶ್ನೆ ಇಟ್ಟುಕೊಂಡು ಬಂದ ಒಬ್ಬರೋ ಇಬ್ಬರೋ ಇರ್ತಾರಲ್ಲ, ಅವರು ಮಾತ್ರ ಬರಿಗೈಲಿ ಹೋಗ್ತಾರೆ. ವರದಿಯಲ್ಲಿ ಅದು ಬರೋದಿಲ್ಲ.

ಇನ್ನೊಂದು ವಿಚಿತ್ರ. ಸಿನಿಮಾ ವಿದ್ಯಾರ್ಥಿಗಳ ಕಾರ್ಯಕ್ರಮದಲ್ಲಿ ಇಡೀ ದಿನ ಸಿನಿಮಾದ ಒಂದು ದೃಶ್ಯವನ್ನೂ ಯಾರೂ ತೋರಿಸಲಿಲ್ಲ. ಸ್ವಾಗತ ಭಾಷಣದಲ್ಲಿ ಲಂಕೇಶ್, ಅನಂತಮೂರ್ತಿ, ಗಿರೀಶ್ ಕಾಸರವಳ್ಳಿ ಎಲ್ಲರ ಹೆಸರೂ ಬಂತು, ‘ನಮ್ಮ ಜಿಲ್ಲೆಯ ಹೆಮ್ಮೆ’ ಅಂತ. ಕಾಸರವಳ್ಳಿ ತೀರ್ಥಹಳ್ಳಿ ತಾಲೂಕಿನವರು, ಫಾರ್ಮಸಿ ಓದಿದವರು ಅದನ್ನ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು, 1977ರಲ್ಲಿ ಮೊದಲ ಚಿತ್ರ ‘ಘಟಶ್ರಾದ್ಧ’ಕ್ಕೇ ಸ್ವರ್ಣಕಮಲ ಬಂತು. ಈ ಮೂರು ವಾಕ್ಯ ಎಲ್ಲ ವೇದಿಕೆಯಲ್ಲೂ ಕೇಳಿದ್ದೀನಿ. 2024ರಲ್ಲಿ ಆ ಚಿತ್ರದ ಹೊಸದಾಗಿ ಸಂರಕ್ಷಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಸರಿ, ಆದರೆ ನವುಲೆಯ ಆ ತೆರೆಯ ಮೇಲೆ? ನನ್ನ ಮುಖ ಇತ್ತು. ಹತ್ತು ನಿಮಿಷ ‘ಘಟಶ್ರಾದ್ಧ’ ತೋರಿಸಿ, ಈ ಶಾಟ್ ಇಷ್ಟು ಹೊತ್ತು ಯಾಕೆ ನಿಂತಿದೆ, ಇಲ್ಲಿ ಮಾತಿಲ್ಲದೆ ಆ ಹುಡುಗನ ಕಣ್ಣಿಗೆ ಏನು ಕಾಣ್ತಿದೆ ಅಂತ ಕೇಳಿದ್ದರೆ ನನಗಿಂತ ಚೆನ್ನಾಗಿ ಮಾತಾಡೋರು ಆ ಸಭೆಯಲ್ಲೇ ಸಿಗುತ್ತಿದ್ದರು.

ಇದು ಕನಸಿನ ಮಾತಲ್ಲ, ಇದೇ ಜಿಲ್ಲೆಯಲ್ಲಿ ನಡೆದು ಹೋಗಿರುವ ಸಂಗತಿ. ನವುಲೆಯಿಂದ ಸಾಗರದ ಬಸ್ ಹಿಡಿದರೆ ಎರಡು ಗಂಟೆ ಚಿಲ್ಲರೆಯಲ್ಲಿ ಹೆಗ್ಗೋಡಿಗೆ ಹೋಗಬಹುದು. 1973ರಲ್ಲಿ ಕೆ.ವಿ. ಸುಬ್ಬಣ್ಣ ಅಲ್ಲಿ ನೀನಾಸಮ್ ಚಿತ್ರಸಮಾಜ ಶುರುಮಾಡಿದರು. 1979ರಲ್ಲಿ ಪುಣೆಯಿಂದ ಸತೀಶ್ ಬಹಾದೂರ್ ಮತ್ತು ಫಿಲ್ಮ್ ಆರ್ಕೈವ್‌ನ ಪಿ.ಕೆ. ನಾಯರ್ ಬಂದು ಚಲನಚಿತ್ರ ರಸಗ್ರಹಣ ಶಿಬಿರ ನಡೆಸಿದರು. ಅಡಿಕೆ ತೋಟದವರು, ಮೇಷ್ಟ್ರುಗಳು, ಸುತ್ತಲಿನ ಹಳ್ಳಿಯ ಹೆಂಗಸರು ಕೂತು ‘ಪಥೇರ್ ಪಾಂಚಾಲಿ’, ‘ರಾಶೊಮನ್’, ‘ಬೈಸಿಕಲ್ ಥೀವ್ಸ್’ ನೋಡಿದರು, ನೋಡಿ ಮಾತಾಡಿದರು. 2012ರಲ್ಲಿ ನಾಯರ್ ಬಗ್ಗೆ ಬಂದ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರು ಆ ಚಿತ್ರಗಳನ್ನ ನೆನಪು ಮಾಡಿಕೊಳ್ಳೋದನ್ನ ನೋಡಿ. ಅಷ್ಟು ವರ್ಷದ ಮೇಲೂ ಚಿತ್ರ ನೆನಪಿದೆ. ಅಲ್ಲಿನ ಸಂಸ್ಕೃತಿ ಶಿಬಿರದಲ್ಲೂ ಕ್ರಮ ಅದೇ: ಹಿಂದಿನ ರಾತ್ರಿ ನೋಡಿದ ನಾಟಕದ ಬಗ್ಗೆ ಮರುದಿನ ಚರ್ಚೆ. ಮೊದಲು ಕೃತಿ, ಆಮೇಲೆ ಮಾತು.

ಹೆಗ್ಗೋಡನ್ನ ಹೊಗಳಿ ಇಲ್ಲಿಗೇ ಮುಗಿಸಿಬಿಡೋದು ಸುಲಭ. ನಮ್ಮ ಕಡೆಯವರು ಹಾಗೆ ಮಾಡ್ತೀವಿ ಕೂಡ. ಆದರೆ ಅಲ್ಲೂ ಒಂದು ವಿಷಯ ನೋಡಬೇಕು. ಆವತ್ತು ‘ರಾಶೊಮನ್’ ನೋಡಿದ ಕೃಷಿಕನಿಗೆ ಸಿನಿಮಾದಿಂದ ಹೊಟ್ಟೆ ತುಂಬಬೇಕಾಗಿರಲಿಲ್ಲ. ಬೆಳಿಗ್ಗೆ ಎದ್ದರೆ ತೋಟ ಇತ್ತು. ನವುಲೆಯ ಸಭಾಂಗಣದಲ್ಲಿ ಕೂತ ಮಕ್ಕಳಿಗೆ ಇದೇ ಅನ್ನ ಆಗಬೇಕು. ಅವರಿಗೆ ಎರಡೂ ಬೇಕು, ಕೆಲಸದ ರುಚಿಯೂ ಬೇಕು, ಕೆಲಸದ ಲೆಕ್ಕವೂ ಬೇಕು. ನಮ್ಮ ಕರಿಯರ್ ಕಾರ್ಯಕ್ರಮಗಳ ಮೇಲೆ ನನ್ನ ಆಕ್ಷೇಪ ಇಷ್ಟೇ: ಅಲ್ಲಿ ಒಂದು ಸಿನಿಮಾ ತೋರಿಸೋದಿಲ್ಲ, ಒಂದು ಸಂಬಳ ಹೇಳೋದಿಲ್ಲ. ಎರಡರ ಜಾಗದಲ್ಲೂ ಒಬ್ಬ ಮನುಷ್ಯನನ್ನ ನಿಲ್ಲಿಸಿ ಶಾಲು ಹೊದಿಸ್ತೀವಿ.

ಗೆದ್ದವರ ಕತೆ ಹೇಳಬಾರದು ಅಂತಲ್ಲ. ಹೇಳೋದಾದ್ರೆ ಪೂರ್ತಿ ಹೇಳಬೇಕು. ನನಗಿಂತ ಮೊದಲು ಮಾತಾಡಿದವರು ಚಿದಾನಂದ ಎಸ್. ನಾಯ್ಕ್ ಅವರ ಉದಾಹರಣೆ ಕೊಟ್ಟರು. ಮೈಸೂರಲ್ಲಿ ಎಂಬಿಬಿಎಸ್ ಓದಿ, ಸಿನಿಮಾಕ್ಕೆ ಬಂದು, 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ. ‘ನಾಲ್ಕೇ ದಿನದಲ್ಲಿ ಶೂಟ್ ಮಾಡಿದ ಸಿನಿಮಾ! ಮನಸ್ಸಿದ್ದರೆ ಮಾರ್ಗ!’ ಅಂದರು. ನಾಲ್ಕು ದಿನ ನಿಜ. ಆದರೆ ಅದು ಪುಣೆಯ ಸಂಸ್ಥೆಯ ಒಂದು ವರ್ಷದ ಟೆಲಿವಿಷನ್ ಕೋರ್ಸಿನ ಭಾಗವಾಗಿ ಆದ ಚಿತ್ರ. ಜೊತೆಗೆ ಕ್ಯಾಮೆರಾ, ಎಡಿಟಿಂಗ್, ಸೌಂಡ್ ಓದುತ್ತಿದ್ದ ಬೇರೆ ವಿದ್ಯಾರ್ಥಿಗಳಿದ್ದರು. ‘ಮನಸ್ಸು’ ಅನ್ನೋದರ ಕೆಳಗೆ ಸಂಸ್ಥೆ, ಸಲಕರಣೆ, ತಂಡ ಇಷ್ಟೂ ಇತ್ತು. ಆ ಮಾರ್ಗ ಬೇಕು ಅನ್ನೋ ಮಕ್ಕಳಿಗೆ ಪ್ರವೇಶ ಪರೀಕ್ಷೆ ಹೇಗಿರುತ್ತೆ, ಫೀಸು ಎಷ್ಟು ಅಂತ ಹೇಳಿದ್ದರೆ ಅವರು ನೋಟ್‌ಬುಕ್ ತೆಗೀತಿದ್ದರು. ಘೋಷವಾಕ್ಯವನ್ನ ಯಾರು ಬರೆದುಕೊಳ್ತಾರೆ?

ಮತ್ತೆ, ಇಂಥ ವೇದಿಕೆಗೆ ಯಾವಾಗಲೂ ಉಳಿದುಕೊಂಡವರನ್ನೇ ಕರೀತೀವಿ. ನನ್ನ ಕ್ಲಾಸಲ್ಲಿ ಇಪ್ಪತ್ತೆರಡು ಜನ ಇದ್ದೆವು. ಈಗ ಈ ಕಸುಬಲ್ಲಿ ಇರೋದು ನಾಲ್ಕು. ಉಳಿದ ಹದಿನೆಂಟು ಜನ ಸೋತವರೇನಲ್ಲ. ಒಬ್ಬಳು ಬ್ಯಾಂಕಲ್ಲಿದ್ದಾಳೆ, ಒಬ್ಬ ಊರಲ್ಲಿ ಮದುವೆ ವಿಡಿಯೋ ಸ್ಟುಡಿಯೋ ಇಟ್ಟಿದ್ದಾನೆ. ಮದುವೆ ಸೀಸನ್ನಲ್ಲಿ ಅವನು ದುಡಿಯೋದನ್ನ ನಾನು ಅಸಿಸ್ಟೆಂಟ್ ಆಗಿದ್ದಾಗ ಕನಸಲ್ಲೂ ಕಂಡಿರಲಿಲ್ಲ. ಅವನನ್ನ ಯಾರೂ ವೇದಿಕೆಗೆ ಕರೆದಿಲ್ಲ, ಮದುವೆ ವಿಡಿಯೋ ಅಂದ್ರೆ ನಮಗೆ ಸಿನಿಮಾ ಅಲ್ಲ. ಬೆಳಕಿಲ್ಲದ ಛತ್ರದಲ್ಲಿ, ಒಂದೇ ಅವಕಾಶದಲ್ಲಿ, ತಾಳಿ ಕಟ್ಟೋ ಕ್ಷಣ ತಪ್ಪದ ಹಾಗೆ ಹಿಡಿಯೋದು ಎಷ್ಟು ದೊಡ್ಡ ವಿದ್ಯೆ ಅಂತ ಕ್ಯಾಮೆರಾ ಹಿಡಿದವರಿಗೆ ಗೊತ್ತು. ಯಾವಾಗ ಬಿಟ್ಟೆ, ಯಾಕೆ ಬಿಟ್ಟೆ ಅಂತ ಹೇಳುವ ಒಬ್ಬರು ಬಂದರೆ ಹತ್ತು ಗೆದ್ದವರಿಗಿಂತ ಹೆಚ್ಚು ಉಪಯೋಗ.

ಇಷ್ಟು ಬೇರೆಯವರಿಗೆ ಹೇಳಿದ ಮೇಲೆ ನನ್ನ ಬಾಕಿ ತೀರಿಸಬೇಕು. ಆವತ್ತು ಅವಳಿಗೆ ಏನು ಹೇಳಬೇಕಿತ್ತು?

‘ನನಗೆ ಮೊದಲ ಆರು ತಿಂಗಳು ಸೊನ್ನೆ, ಏಳನೇ ತಿಂಗಳು ಹನ್ನೆರಡು ಸಾವಿರ. ಅದು ಹನ್ನೊಂದು ವರ್ಷದ ಹಿಂದೆ, ಮಾವನ ಮನೆಯಲ್ಲಿದ್ದು. ಈಗ ಬರೋರಿಗೆ ಎಷ್ಟು ಅಂತ ಹೋಗುವ ಮೊದಲೇ ಫೋನಲ್ಲಿ ಕೇಳಮ್ಮ, ಕೇಳಿದ್ದಕ್ಕೆ ಕೆಲಸ ಕೊಡದವರ ಹತ್ತಿರ ಕೆಲಸ ಬೇಡ. ಬೆಂಗಳೂರಲ್ಲಿ ಉಳಿಯಲು ಜಾಗ ಇಲ್ಲದಿದ್ದರೆ ಸಂಬಳ ಇಲ್ಲದ ಇಂಟರ್ನ್‌ಶಿಪ್ ಒಪ್ಪಬೇಡ, ಸಾಲ ಆಗುತ್ತೆ. ಟೆಸ್ಟ್ ಅಂತ ಒಂದು ನಿಮಿಷದ ಎಡಿಟ್ ಮಾಡಿಕೊಡು. ಹತ್ತು ನಿಮಿಷದ್ದು ಕೇಳಿದರೆ ಅದು ಟೆಸ್ಟ್ ಅಲ್ಲ, ಬಿಟ್ಟಿ ಕೆಲಸ. ಸ್ವಂತವಾಗಿ ಕೆಲಸ ಹಿಡಿದರೆ ಮೂರು ಕಂತು ಮಾಡಿಕೋ: ಮುಂಗಡ ಒಂದಿಷ್ಟು, ಮೊದಲ ಕಟ್ ತೋರಿಸಿದಾಗ ಒಂದಿಷ್ಟು, ಕೊನೆಯ ಫೈಲ್ ಕೊಡುವ ಮೊದಲು ಉಳಿದದ್ದು. ಎಷ್ಟು ಸಲ ತಿದ್ದಿಕೊಡ್ತೀನಿ, ಹೆಸರು ಹಾಕ್ತೀರಾ ಇಲ್ಲವಾ ಅನ್ನೋದು ಮೊದಲೇ ಬರವಣಿಗೆಯಲ್ಲಿ ಇರಲಿ. ಒಂದು ವಾಟ್ಸಾಪ್ ಮೆಸೇಜಾದರೂ ಸರಿ.’

‘ಇನ್ನೊಂದು, ನೀನು ಕೇಳದಿದ್ದರೂ ಹೇಳ್ತೀನಿ. ಲೈಂಗಿಕ ಕಿರುಕುಳ ತಡೆಯಲು 2013ರ ಕಾನೂನು ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಟ್ರೈನಿ, ಅಪ್ರೆಂಟಿಸ್ ಕೂಡ ಆ ಕಾನೂನಿನ ಲೆಕ್ಕದಲ್ಲಿ ಉದ್ಯೋಗಿಗಳೇ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳೋದು ನಿನ್ನ ಹಕ್ಕು. ಕೇರಳದ ಹೇಮಾ ಸಮಿತಿ ವರದಿ 2024ರ ಆಗಸ್ಟಲ್ಲಿ ಹೊರಬಂದ ಮೇಲೆ ನಮ್ಮಲ್ಲೂ ಅಂಥ ಸಮಿತಿ ಬೇಕು ಅಂತ ‘ಫೈರ್’ ಸಂಘಟನೆಯವರು ಸರ್ಕಾರಕ್ಕೆ ಮನವಿ ಕೊಟ್ಟರು. ಕೆಲಸ ಎಲ್ಲಿ, ರಾತ್ರಿ ಎಷ್ಟು ಹೊತ್ತು, ವಾಪಸ್ ಬಿಡುವ ಗಾಡಿ ಯಾರದ್ದು ಅಂತ ಕೇಳಿದರೆ ಅದು ಅಹಂಕಾರ ಅಲ್ಲ.’

‘ಡೈರೆಕ್ಟರ್ ಆಗೋದೊಂದೇ ದಾರಿ ಅಂದುಕೊಳ್ಳಬೇಡ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದರ ವಿರುದ್ಧ ಆದೇಶ ಕೊಟ್ಟಿತು. ಆಮೇಲೆ ಕನ್ನಡಕ್ಕೆ ಡಬ್ ಆಗುವ ಸಿನಿಮಾ, ಸೀರಿಯಲ್ ಬಂದವು. ಬಾಯಿಯ ಚಲನೆಗೆ ಹೊಂದುವ ಹಾಗೆ ಕನ್ನಡ ಮಾತು ಬರೆಯೋರು ಬೇಕು, ಸಬ್‌ಟೈಟಲ್ ಮಾಡೋರು ಬೇಕು. ಕನ್ನಡ ಚೆನ್ನಾಗಿ ಬರೋದು ಅಲ್ಲಿ ಬಂಡವಾಳ. ನಿಮ್ಮೂರಲ್ಲೇ ಆಕಾಶವಾಣಿ ಇದೆ, ತಾತ್ಕಾಲಿಕ ಉದ್ಘೋಷಕರಿಗೆ ಧ್ವನಿಪರೀಕ್ಷೆ ಕರೆದಾಗ ಹೋಗು. ಸೊಸೈಟಿ ಕೆಲಸ ಹಿಡಿದರೂ ತಪ್ಪೇನಿಲ್ಲ. ಒಂದು ವರ್ಷದ ಸಂಬಳ ಕೂಡಿಸಿಕೊಂಡು ಬೆಂಗಳೂರಿಗೆ ಬಂದವರು, ಒಂದು ತಿಂಗಳ ದುಡ್ಡಲ್ಲಿ ಬಂದವರಿಗಿಂತ ಹೆಚ್ಚು ದಿನ ನಿಲ್ತಾರೆ.’

ಇಷ್ಟೇ. ಗಟ್ಟಿಯಾಗಿ ಓದಿದರೆ ಐದು ನಿಮಿಷ ಸಾಕು. ಚಪ್ಪಾಳೆ ಬೀಳೋ ಅಂಥ ಸಾಲು ಒಂದೂ ಇಲ್ಲ, ನೋಡಿ.

ಆ ರಾತ್ರಿ ರೈಲಲ್ಲೇ ಇದನ್ನೆಲ್ಲ ಫೋನಲ್ಲಿ ಟೈಪ್ ಮಾಡಿ ಲೆಕ್ಚರರ್ ಗೆಳೆಯನಿಗೆ ಕಳಿಸಿದೆ. ‘ಮಕ್ಕಳ ಗ್ರೂಪಿಗೆ ಹಾಕು, ಮುಂದಿನ ಸಲ ಕರೆದರೆ ಭಾಷಣ ಬೇಡ. ಒಂದು ಆ್ಯಡ್ ಫಿಲ್ಮಿನ ಮೊದಲ ಕಟ್ ತರ್ತೀನಿ. ಕ್ಲೈಂಟ್ ಬೈದು ವಾಪಸ್ ಕಳಿಸಿದ್ದು. ಕೊನೆಯ ಕಟ್ಟೂ ತರ್ತೀನಿ. ಎರಡನ್ನೂ ತೋರಿಸೋಣ, ಏನು ಬದಲಾಯ್ತು ಅಂತ ಅವರೇ ಹೇಳಲಿ. ಪ್ರಶ್ನೆ ಮೊದಲು ಇಟ್ಟುಕೋ, ಶಾಲು ಬೇಡ’ ಅಂತ ಬರೆದೆ. ‘ಶಾಲು ಇಲ್ಲದಿದ್ರೆ ಫೋಟೋ ಹೆಂಗೆ ಮಾರಾಯ’ ಅಂತ ಉತ್ತರ ಬಂತು. ತಮಾಷೆಗೆ ಹೇಳಿದ್ದೋ ನಿಜಕ್ಕೋ, ಈಗಲೂ ಕೇಳಿಲ್ಲ.

ನಾಲ್ಕು ದಿನ ಬಿಟ್ಟು ಗೊತ್ತಿಲ್ಲದ ನಂಬರಿಂದ ಒಂದು ಮೆಸೇಜ್ ಬಂತು. ‘ಸರ್, ನಾನು ಭದ್ರಾವತಿ. ಆವತ್ತು ಪ್ರಶ್ನೆ ಕೇಳಿದ್ದು. ನೀವು ಕಳಿಸಿದ್ದನ್ನ ಮನೆಯಲ್ಲಿ ಅಪ್ಪನಿಗೆ ಓದಿ ಹೇಳಿದೆ. ಥ್ಯಾಂಕ್ಸ್ ಸರ್.’ ಅದರ ಕೆಳಗೆ ಇನ್ನೊಂದು: ‘ಅಪ್ಪ ಕೇಳ್ತಿದ್ದಾರೆ, ಬೆಂಗಳೂರಲ್ಲಿ ಹುಡುಗಿಯರ ಪಿಜಿಗೆ ಅಡ್ವಾನ್ಸ್ ಎಷ್ಟು ಕೊಡಬೇಕು? ಬಿಟ್ಟು ಹೋಗುವಾಗ ವಾಪಸ್ ಕೊಡ್ತಾರಾ?’

ನನಗೆ ಗೊತ್ತಿರಲಿಲ್ಲ. ಆಫೀಸಲ್ಲಿ ಪಿಜಿಯಲ್ಲಿರೋ ಮೂವರು ಹುಡುಗಿಯರನ್ನ ಕೇಳಿ, ಸಂಜೆಯೊಳಗೆ ಮೂರು ಅಂಕಿ ಬರೆದು ಕಳಿಸಿದೆ.